ಹೋಟೆಲ್ ಅಡುಗೆಮನೆಯ ಕೊಳಕು: ದೂರು ಎಲ್ಲಿ ಕೊಡಬೇಕು, ಏನು ಬರೆಯಬೇಕು?

ಪ್ರಶ್ನೆ: ನಮ್ಮೂರಿನ ಹೋಟೆಲೊಂದರಲ್ಲಿ ಸಂಜೆ ಫ್ರೈಡ್ ರೈಸ್ ತಿಂದ ನಮ್ಮ ಮನೆಯ ಮೂವರಿಗೂ ಅದೇ ರಾತ್ರಿ ವಾಂತಿಯಾಯಿತು. ಕೈತೊಳೆಯಲು ಹೋದಾಗ ಅಲ್ಲಿನ ಅಡುಗೆಮನೆಯ ಕೊಳಕನ್ನು ಕಣ್ಣಾರೆ ಕಂಡಿದ್ದೆ. ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಿದರೆ ‘ಅದು ನಮಗೆ ಬರುವುದಿಲ್ಲ’ ಎಂದರು. ಪಾರ್ಸೆಲ್‌ನಲ್ಲಿ ಉಳಿದಿದ್ದ ಅನ್ನ ಫ್ರಿಜ್‌ನಲ್ಲಿದೆ. ಅದನ್ನು ಪರೀಕ್ಷೆಗೆ ಕೊಡಬಹುದೇ?
– ಹೆಸರು, ಊರು ಬೇಡವೆಂದ ಓದುಗರು

ಉತ್ತರ: ಅನ್ನವನ್ನು ಕಾಯ್ದಿಟ್ಟುಕೊಳ್ಳುವುದಕ್ಕಿಂತ ನೀವು ಕಂಡದ್ದನ್ನು ಬರೆದಿಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಂ ಪ್ರಕಾರ ಗ್ರಾಹಕರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ವರದಿಯಲ್ಲಿ ದೋಷ ಕಂಡುಬಂದರೆ ಆ ಶುಲ್ಕ ವಾಪಸೂ ಬರುತ್ತದೆ. ಆದರೆ ಪರೀಕ್ಷೆಗೆ ಕೊಡುವ ಉದ್ದೇಶವನ್ನು ಕೊಳ್ಳುವಾಗಲೇ ಮಾಲೀಕರಿಗೆ ತಿಳಿಸಿರಬೇಕು, ಮಾದರಿಯನ್ನು ಕಾಯ್ದೆ ಹೇಳುವ ಕ್ರಮದಲ್ಲಿ ಭಾಗ ಮಾಡಿ ಸೀಲ್ ಮಾಡಿರಬೇಕು. ಮನೆಗೆ ತಂದು ಎರಡು ದಿನ ಇಟ್ಟ ಅನ್ನದಲ್ಲಿ ಏನೇ ಸಿಕ್ಕಿದರೂ ಅದು ಹೋಟೆಲಿನಲ್ಲೇ ಸೇರಿದ್ದೆಂದು ತೋರಿಸುವುದು ಕಷ್ಟ.

ಹಾಗೆಂದು ನಿಮ್ಮ ದೂರಿಗೆ ಬಲವಿಲ್ಲವೆಂದು ತಿಳಿಯಬೇಡಿ. ಪ್ರಯೋಗಾಲಯದ ವರದಿ ಇಲ್ಲದೆ ಏನೂ ನಡೆಯದು ಎಂದು ಬಹಳ ಜನ ನಂಬಿ ಕೈಚೆಲ್ಲುತ್ತಾರೆ, ಅದು ಸರಿಯಲ್ಲ. ಅನೈರ್ಮಲ್ಯದ ಸ್ಥಿತಿಯಲ್ಲಿ ಆಹಾರ ತಯಾರಿಸುವುದೇ 56ನೇ ಕಲಂ ಪ್ರಕಾರ ತಪ್ಪು; ಅದಕ್ಕೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತೆರೆದ ಚರಂಡಿಯ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದರೆ, ಮೇಜು ಒರೆಸಿದ ಬಟ್ಟೆಯಲ್ಲೇ ತಟ್ಟೆಯನ್ನೂ ಒರೆಸುತ್ತಿದ್ದರೆ, ಅಧಿಕಾರಿ ಸ್ಥಳಕ್ಕೆ ಬಂದು ನೋಡಿ ದಾಖಲಿಸಿದರೆ ಸಾಕು, ಅನ್ನವನ್ನು ಪರೀಕ್ಷಿಸಲೇಬೇಕೆಂದಿಲ್ಲ.

ನಿಮ್ಮ ವಿಷಯದಲ್ಲಿ ಅನ್ನವೇ ಕಾರಣ ಎಂದು ಇಲ್ಲಿಂದ ಹೇಳಲಾಗದು. ಆದರೆ ತಿಂದ ಕೆಲವೇ ಗಂಟೆಗಳಲ್ಲಿ ವಾಂತಿಯಾದಾಗ ಅನುಮಾನ ಪಡಬೇಕಾದ ಒಂದು ರೂಢಿ ಹಲವು ಹೋಟೆಲುಗಳಲ್ಲಿದೆ. ಸಂಜೆಯ ಫ್ರೈಡ್ ರೈಸ್‌ಗೆ ಅನ್ನ ಉದುರುದುರಾಗಿರಬೇಕೆಂದು ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಹಾಗೆಯೇ ಮುಚ್ಚಿ ಒಲೆಯ ಪಕ್ಕದಲ್ಲಿ ಇಡುತ್ತಾರೆ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಉಗುರುಬೆಚ್ಚಗಿರುವ ಅನ್ನದ ರಾಶಿಯಲ್ಲಿ ಅವು ಮೊಳೆತು, ಹೆಚ್ಚಿ, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಸಂಜೆ ಎಷ್ಟೇ ದೊಡ್ಡ ಉರಿಯಲ್ಲಿ ಹುರಿದರೂ ಆ ವಿಷ ನಾಶವಾಗುವುದಿಲ್ಲ. ಅನ್ನಕ್ಕೆ ವಾಸನೆಯೂ ಬಂದಿರುವುದಿಲ್ಲವಾದ್ದರಿಂದ ತಿನ್ನುವವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಬಿಸಿ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕೆಂದು ಹೇಳುವುದು ಇದಕ್ಕೇ. ಆದ್ದರಿಂದ ದೂರಿನಲ್ಲಿ ‘ಊಟ ಸರಿ ಇರಲಿಲ್ಲ’ ಎಂದು ಒಂದೇ ಸಾಲು ಬರೆಯದೆ, ಎಷ್ಟು ಹೊತ್ತಿಗೆ ಏನು ತಿಂದಿರಿ, ಎಷ್ಟು ಗಂಟೆಯ ಬಳಿಕ ಯಾರಿಗೆ ಏನಾಯಿತು, ಅಡುಗೆಮನೆಯಲ್ಲಿ ಏನು ಕಂಡಿತು ಎಂಬುದನ್ನು ಬಿಡಿಸಿ ಬರೆಯಿರಿ. ಬಿಲ್ಲು, ವೈದ್ಯರ ಚೀಟಿಗಳನ್ನು ಜೊತೆಗಿಡಿ.

ದೂರನ್ನು ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿಯೂ ಸಲ್ಲಿಸಬಹುದು. ಸ್ಥಳೀಯ ಸಂಸ್ಥೆ ಕೊಡುವ ಉದ್ದಿಮೆ ಪರವಾನಗಿ ಬೇರೆ, ಆಹಾರ ಸುರಕ್ಷತೆಯ ಪರವಾನಗಿ ಬೇರೆ. ಒಂದು ಕಚೇರಿಗೆ ಬಂದ ನಾಗರಿಕರನ್ನು ಇನ್ನೊಂದರ ವಿಳಾಸವನ್ನೂ ಹೇಳದೆ ಕಳಿಸುವುದು ಮಾತ್ರ ಯಾವ ರೀತಿಯಲ್ಲೂ ಒಪ್ಪತಕ್ಕದ್ದಲ್ಲ. ಪರಿಶೀಲನೆಯಲ್ಲಿ ಲೋಪ ಕಂಡರೆ ಅಂಕಿತ ಅಧಿಕಾರಿ 32ನೇ ಕಲಂ ಪ್ರಕಾರ ಸುಧಾರಣಾ ನೋಟಿಸ್ ಕೊಡುತ್ತಾರೆ. ಅದನ್ನು ಪಾಲಿಸದಿದ್ದರೆ ಪರವಾನಗಿಯನ್ನು ಅಮಾನತು ಮಾಡಬಹುದು, ಮುಂದೆ ರದ್ದೂ ಮಾಡಬಹುದು.

ಪ್ರಶ್ನೆ: ನಾನು ಹತ್ತು ಮೇಜಿನ ಸಣ್ಣ ಹೋಟೆಲ್ ನಡೆಸುತ್ತೇನೆ. ಮಾದರಿ ತೆಗೆಯಲು ಬಂದಾಗ ಯಾವ ಕ್ರಮ ಪಾಲಿಸಬೇಕೆಂದು ನಮ್ಮಂಥವರಿಗೆ ಯಾರೂ ಹೇಳುವುದಿಲ್ಲ. ವರದಿ ತಪ್ಪೆನಿಸಿದರೆ ಏನು ದಾರಿ?
– ಹೋಟೆಲ್ ಮಾಲೀಕರು, ಮಲೆನಾಡು

ಉತ್ತರ: ಪರಿಶೀಲನೆಗೆ ಅಡ್ಡಿ ಮಾಡಬೇಡಿ, ಆದರೆ ಕ್ರಮವನ್ನು ಕೇಳುವ ಹಕ್ಕು ನಿಮಗೆ ಪೂರ್ತಿಯಾಗಿ ಇದೆ. ಮಾದರಿಯನ್ನು ಪರೀಕ್ಷೆಗೆ ಕಳಿಸುವುದಾಗಿ ಅಧಿಕಾರಿ ನಿಮಗೆ ಲಿಖಿತ ನೋಟಿಸ್ ಕೊಡಬೇಕು, ನೀವು ಗಿರಾಕಿಗಳಿಗೆ ಮಾರುವ ದರದಲ್ಲೇ ಅದರ ಹಣ ಕೊಡಬೇಕು, ಸಾಮಾನ್ಯವಾಗಿ ನಾಲ್ಕು ಭಾಗ ಮಾಡಿ ನಿಮ್ಮೆದುರೇ ಸೀಲ್ ಹಾಕಿ ಸಹಿ ಪಡೆಯಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತ ಅಧಿಕಾರಿಗೆ ಹೋಗುತ್ತವೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ನೀವು ಸ್ಥಳದಲ್ಲೇ ಕೋರಬಹುದು. ಇದನ್ನು ಕೇಳದೆ ಬಿಟ್ಟು ಆಮೇಲೆ ಪರಿತಪಿಸುವವರೇ ಹೆಚ್ಚು. ಎರಡು ವರದಿಗಳು ಹೊಂದದಿದ್ದರೆ ಮಾದರಿ ಉನ್ನತ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿಯ ತೀರ್ಮಾನವೇ ಅಂತಿಮ; ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ) ಅಂಥದೊಂದು ಪ್ರಯೋಗಾಲಯ. ವಿಶ್ಲೇಷಕರ ವರದಿಯ ವಿರುದ್ಧ ಅಂಕಿತ ಅಧಿಕಾರಿಗೆ ಮೇಲ್ಮನವಿಯನ್ನೂ ಸಲ್ಲಿಸಬಹುದು.

ಪರಿಶೀಲನೆಗೆ ಬಂದವರು ಮೊದಲು ಕೇಳುವುದು ದಾಖಲೆಗಳನ್ನು: ಕೆಲಸಗಾರರ ವಾರ್ಷಿಕ ವೈದ್ಯಕೀಯ ತಪಾಸಣೆಯ ಪತ್ರ, ನೀರಿನ ಪರೀಕ್ಷೆಯ ವರದಿ, ಪರವಾನಗಿ. ಬಾಣಲೆಯ ಎಣ್ಣೆಯ ಮೇಲೂ ಕಣ್ಣಿರಲಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಕೆಡುತ್ತ ಹೋದಂತೆ ಅದರಲ್ಲಿ ಹೆಚ್ಚುವ ವಸ್ತುಗಳು) ಶೇ 25 ಮೀರಿದರೆ ಅದನ್ನು ಬಳಸುವಂತಿಲ್ಲ. ಉಳಿದ ಎಣ್ಣೆಗೆ ಹೊಸ ಎಣ್ಣೆ ಬೆರೆಸುತ್ತ ಹೋಗುವುದು ಮಿತವ್ಯಯವೆನಿಸಬಹುದು, ಆದರೆ ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ.

ಪ್ರಶ್ನೆ: ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಸಂಖ್ಯೆ ಇದ್ದರೆ ಆ ಹೋಟೆಲಿನ ಊಟ ಸುರಕ್ಷಿತವೆಂದು ತಿಳಿಯಬಹುದೇ?
– ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಇಲ್ಲ. ಆ ಸಂಖ್ಯೆ ಪರವಾನಗಿ ಅಥವಾ ನೋಂದಣಿ ಇದೆ ಎಂಬುದನ್ನಷ್ಟೇ ಹೇಳುತ್ತದೆ. ಅಡುಗೆಮನೆ ಇಂದು ಹೇಗಿದೆ ಎಂಬುದನ್ನು ಅದು ಹೇಳಲಾರದು. 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡಿತ್ತು, ಆ ಬಳಿಕವೇ ಗೋಬಿಗೆ ಕೃತಕ ಬಣ್ಣ ಬಳಸುವುದನ್ನು ಸರ್ಕಾರ ನಿಷೇಧಿಸಿತು. ಮರುವರ್ಷ ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನೂ ತಡೆಯಬೇಕಾಯಿತು. ಇವು ಗಿರಾಕಿಯ ಕಣ್ಣಿಗೆ ನೇರವಾಗಿ ಬೀಳುವ ಸಂಗತಿಗಳು: ಗೋಬಿ ಕೆಂಪಗೆ ಹೊಳೆಯುತ್ತಿದ್ದರೆ ಬಣ್ಣ ಹಾಕಿದ್ದೀರಾ ಎಂದು ಕೇಳಿ, ಇಡ್ಲಿ ತಟ್ಟೆಯ ಮೇಲೆ ಪ್ಲಾಸ್ಟಿಕ್ ಕಂಡರೆ ಫೋಟೊ ತೆಗೆದುಕೊಂಡು ದೂರಿನ ಜೊತೆ ಕೊಡಿ. ಬಿಲ್ಲಿನ ಸಂಖ್ಯೆಯನ್ನು ದೂರಿನಲ್ಲಿ ಬರೆದರೆ, ಹೋಟೆಲಿನ ನಾಮಫಲಕ ಬದಲಾಗಿದ್ದರೂ ಪರವಾನಗಿ ಯಾರದೆಂದು ಅಧಿಕಾರಿಗೆ ತಿಳಿಯುತ್ತದೆ.