ರಟ್ಟೆ ಜೋತು ಬಿದ್ದಿದೆ, ಯಾವ ಮಷಿನ್ ಒಳ್ಳೆಯದು?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 48 ವರ್ಷ, ಹೈಸ್ಕೂಲ್ ಟೀಚರ್. ವಾಕಿಂಗ್ ಮಾಡಿ, ರಾತ್ರಿ ಅನ್ನ ಬಿಟ್ಟು ಒಂದೂವರೆ ವರ್ಷದಲ್ಲಿ 13 ಕೆ.ಜಿ. ಇಳಿಸಿದೆ. ಎಲ್ಲರೂ ಹೊಗಳುತ್ತಾರೆ. ಆದರೆ ರಟ್ಟೆಯ ಕೆಳಗಿನ ಚರ್ಮ ಜೋತು ಬಿದ್ದಿದೆ. ಬೋರ್ಡ್ ಮೇಲೆ ಬರೆಯುವಾಗ ಅಲ್ಲಾಡುತ್ತೆ. ಒಂದು ದಿನ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕ ಹಾಗಾಯಿತು, ಅವತ್ತಿನಿಂದ ಮೊಣಕೈವರೆಗೆ ತೋಳಿರುವ ಬ್ಲೌಸ್ ಬಿಟ್ಟು ಬೇರೆ ಹೊಲಿಸಿಲ್ಲ. ಆಪರೇಷನ್ ಬೇಡ. ಮೂರು ಕ್ಲಿನಿಕ್‌ನಲ್ಲಿ ಕೇಳಿದೆ. ಒಬ್ಬರು ಹೈಫು (ಶಬ್ದದ ಅಲೆಯ ಮಷಿನ್) ಒಂದೇ ಸಲ ಸಾಕು ಅಂದರು, ಇನ್ನೊಬ್ಬರು ಆರ್‌ಎಫ್ (ರೇಡಿಯೋ ಅಲೆಯ ಮಷಿನ್) ಆರು ಸಿಟಿಂಗ್ ಅಂದರು, ಮೂರನೆಯವರು ಕೊಬ್ಬು ಫ್ರೀಜ್ ಮಾಡೋಣ, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಅರ್ಧ ರೇಟು ಅಂದರು. ಮಗಳ ನಿಶ್ಚಿತಾರ್ಥಕ್ಕೆ ಇನ್ನು ಎಂಟು ವಾರ ಇದೆ. ಯಾವುದು ಮಾಡಿಸಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. ಎಂಟು ವಾರದಲ್ಲಿ ಇದ್ಯಾವುದೂ ಕಣ್ಣಿಗೆ ಕಾಣುವಷ್ಟು ಕೆಲಸ ಮಾಡುವುದಿಲ್ಲ. ನಿಶ್ಚಿತಾರ್ಥಕ್ಕೆ ಒಳ್ಳೆಯ ಟೈಲರ್ ಹಿಡಿಯಿರಿ. ತೋಳಿಗೆ ಒಳಗಿಂದ ಲೈನಿಂಗ್ ಕೊಟ್ಟು, ರಟ್ಟೆಯ ಹತ್ತಿರ ಬಿಗಿ ಮಾಡದೆ ಸ್ವಲ್ಪ ಸಡಿಲ ಬಿಟ್ಟು ಹೊಲಿಯಲು ಹೇಳಿ. ಬಿಗಿಯಾದ ತೋಳು ಜೋತ ಚರ್ಮವನ್ನು ಅಂಚಿನಿಂದ ಆಚೆ ತಳ್ಳಿ ಇನ್ನೂ ಎದ್ದು ಕಾಣಿಸುತ್ತೆ. ಇನ್ನು ಆ ಅರ್ಧ ರೇಟಿನ ಮಾತು. ಇವತ್ತು ಕಟ್ಟಿದರೆ ಮಾತ್ರ ಅನ್ನುವ ಕ್ಲಿನಿಕ್‌ಗೆ ನಾಳೆಯೂ ಹೋಗಬೇಡಿ, ನಾಡಿದ್ದೂ ಹೋಗಬೇಡಿ.

ಈಗ ವಿಷಯಕ್ಕೆ ಬರೋಣ. ಮೂರು ಕ್ಲಿನಿಕ್‌ನವರು ಮೂರು ಹೇಳಿದರು ಅಂದಿರಿ. ಅವರಲ್ಲಿ ಒಬ್ಬರಾದರೂ ನಿಮ್ಮ ತೋಳನ್ನು ಚಿವುಟಿ ನೋಡಿದರಾ? ನೋಡಿಲ್ಲ ಅಂತ ನನ್ನ ಅಂದಾಜು, ಯಾಕೆಂದರೆ ನೋಡಿದ್ದರೆ ಮೂರನೆಯವರು ಕೊಬ್ಬು ಫ್ರೀಜ್ ಮಾಡೋಣ ಅನ್ನುತ್ತಿರಲಿಲ್ಲ. ಕನ್ನಡಿ ಎದುರು ನಿಂತು ಕೈ ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ. ಇನ್ನೊಂದು ಕೈಯಿಂದ ಜೋತ ಜಾಗವನ್ನು ಹಿಡಿದು ನೋಡಿ. ಚಪಾತಿ ಹಿಟ್ಟಿನ ಉಂಡೆ ಹಿಡಿದ ಹಾಗೆ ದಪ್ಪಗೆ ಬಂದರೆ ಅದರಲ್ಲಿ ಕೊಬ್ಬು ಜಾಸ್ತಿ. ಒದ್ದೆ ಸೀರೆಯ ಸೆರಗು ಹಿಡಿದ ಹಾಗೆ ತೆಳ್ಳಗೆ, ಸುಕ್ಕು ಸುಕ್ಕಾಗಿ ಬಂದರೆ ಅದು ಬರೀ ಚರ್ಮ. ಬಿಟ್ಟ ಮೇಲೆ ತಕ್ಷಣ ಹಿಂದಕ್ಕೆ ಹೋಗುತ್ತಾ, ನಿಧಾನಕ್ಕೆ ಹೋಗುತ್ತಾ ಅದನ್ನೂ ನೋಡಿ. 13 ಕೆ.ಜಿ. ಇಳಿಸಿದ 48ರ ತೋಳಿನಲ್ಲಿ ನನಗೆ ಸಾಮಾನ್ಯವಾಗಿ ಸಿಗುವುದು ಎರಡನೆಯದು. ಮುಟ್ಟು ನಿಲ್ಲುವ ಸಮಯ ಹತ್ತಿರವಾಗುತ್ತಿರುವುದೂ ಇದಕ್ಕೆ ಸೇರಿಕೊಂಡಿರುತ್ತೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮದ ಕೊಲಾಜನ್ ಸುಮಾರು 30 ಪ್ರತಿಶತ ಕಡಿಮೆಯಾಗುತ್ತೆ ಅನ್ನುತ್ತಾರೆ. ಕೊಲಾಜನ್ ಅಂದರೆ ಚರ್ಮದ ಒಳಗಿನ ಹುರಿ. ಹುರಿ ಸಡಿಲವಾದ ಮಂಚ ಹೇಗಿರುತ್ತೆ, ನೋಡಿದ್ದೀರಲ್ಲ.

ಕೊಬ್ಬು ಫ್ರೀಜ್ ಮಾಡುವುದನ್ನು ಮೊದಲು ಪಕ್ಕಕ್ಕಿಡೋಣ. ಐಸ್‌ಕ್ಯಾಂಡಿ ತುಂಬಾ ಚೀಪುವ ಮಕ್ಕಳ ಕೆನ್ನೆಯ ಕೊಬ್ಬು ಕರಗುವುದನ್ನು ಗಮನಿಸಿದ ಡಾಕ್ಟರ್‌ಗಳಿಂದ ಇದರ ಯೋಚನೆ ಶುರುವಾಯಿತು. ಚರ್ಮಕ್ಕಿಂತ ಕೊಬ್ಬು ಚಳಿಗೆ ಬೇಗ ಸಾಯುತ್ತೆ, ಅಷ್ಟೇ ತತ್ವ. ಹೀಗೆ ಫ್ರೀಜ್ ಮಾಡುವ ಕೂಲ್‌ಸ್ಕಲ್ಪ್ಟಿಂಗ್ ಮಷಿನ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಸೊಂಟದ ಪಕ್ಕಕ್ಕೆ, 2016ರಲ್ಲಿ ರಟ್ಟೆಗೆ ಒಪ್ಪಿಗೆ ಕೊಟ್ಟಿತು. ಒಂದು ಸಿಟಿಂಗ್‌ಗೆ ಹಿಡಿದ ಜಾಗದ ಕೊಬ್ಬಿನ ಪದರ ಸುಮಾರು 20ರಿಂದ 25 ಪ್ರತಿಶತ ತೆಳುವಾಗಬಹುದು, ಅದೂ ಎರಡು ಮೂರು ತಿಂಗಳ ಮೇಲೆ. ಹಿಟ್ಟಿನ ಉಂಡೆ ತೋಳಿಗೆ ಇದು ಸರಿ. ಆದರೆ ನಿಮ್ಮದು ಸೆರಗಿನ ತೋಳು. ಒಳಗೆ ಉಳಿದಿರುವ ಸ್ವಲ್ಪ ಕೊಬ್ಬನ್ನೂ ತೆಗೆದರೆ ಚರ್ಮ ಇನ್ನಷ್ಟು ಜೋಲುತ್ತೆ, ಅರ್ಧ ತುಂಬಿದ ಚೀಲವನ್ನು ಪೂರ್ತಿ ಖಾಲಿ ಮಾಡಿದ ಹಾಗೆ. ಜೊತೆಗೆ ಅಪರೂಪಕ್ಕೆ ಫ್ರೀಜ್ ಮಾಡಿದ ಕಡೆ ಕೊಬ್ಬು ಕರಗುವ ಬದಲು ಗಟ್ಟಿಯಾಗಿ ಬೆಳೆದುಬಿಡುತ್ತೆ. ಕೆನಡಾದ ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ ತಮಗೆ ಹೀಗಾಯಿತು ಅಂತ 2021ರಲ್ಲಿ ಎಲ್ಲರ ಮುಂದೆ ಹೇಳಿಕೊಂಡರು.

ಹೈಫು ಮತ್ತು ಆರ್‌ಎಫ್ ಎರಡೂ ಬಿಸಿ ಮಾಡುವ ವಿಧಾನಗಳು. ಒಂದು ಶಬ್ದದ ಅಲೆಯಿಂದ, ಇನ್ನೊಂದು ರೇಡಿಯೋ ಅಲೆಯಿಂದ. ಚರ್ಮದ ಒಳಗೆ 60 ಡಿಗ್ರಿ ದಾಟಿದರೆ ಕೊಲಾಜನ್ ಸುರುಟಿಕೊಳ್ಳುತ್ತೆ. ಆಮೇಲೆ ದೇಹ ಅದನ್ನು ಗಾಯ ಅಂದುಕೊಂಡು ಹೊಸ ಕೊಲಾಜನ್ ನೇಯುತ್ತೆ. ಆ ನೇಯ್ಗೆಗೆ ಮೂರರಿಂದ ಆರು ತಿಂಗಳು ಬೇಕು. ಎಂಟು ವಾರಕ್ಕೆ ಆಗಲ್ಲ ಅಂದಿದ್ದು ಇದಕ್ಕೇ.

ಒಂದು ವಿಷಯ ಕ್ಲಿನಿಕ್‌ನಲ್ಲಿ ಯಾರೂ ಹೇಳುವುದಿಲ್ಲ. ಈ ಮಷಿನ್‌ಗಳು ಹುಟ್ಟಿದ್ದು ಮುಖಕ್ಕೆ. ಚರ್ಮ ಬಿಗಿ ಮಾಡುವ ಆರ್‌ಎಫ್‌ಗೆ ಅಮೆರಿಕದಲ್ಲಿ 2002ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು ಕಣ್ಣಿನ ಸುತ್ತಲ ಸುಕ್ಕಿಗೆ. ಹೈಫು ಥರದ ಅಲ್ಟ್ರಾಸೌಂಡ್‌ಗೆ 2009ರಲ್ಲಿ ಸಿಕ್ಕಿದ್ದು ಹುಬ್ಬು ಎತ್ತುವುದಕ್ಕೆ. ಹೈಫುವಿನ ಅಲೆ 1.5, 3, 4.5 ಮಿಲಿಮೀಟರ್ ಆಳದಲ್ಲಿ ಚುಕ್ಕಿ ಚುಕ್ಕಿಯಾಗಿ ಬಿಸಿ ಮಾಡುತ್ತೆ. ಮುಖದಲ್ಲಿ 4.5ರ ಆಳದಲ್ಲಿ ಸ್ನಾಯುವಿನ ಮೇಲೆ ಒಂದು ಗಟ್ಟಿ ಪದರ ಇದೆ, ಅದನ್ನು ಹಿಡಿದೆಳೆದರೆ ಕೆನ್ನೆ ಮೇಲೇರುತ್ತೆ. ತೋಳಿನಲ್ಲಿ ಅಂಥ ಪದರ ಇಲ್ಲ. ಹಾಗಾಗಿ ಕೆನ್ನೆಯ ಫೋಟೋ ತೋರಿಸಿ ತೋಳಿಗೆ ಹೈಫು ಮಾರುವುದು ನನಗೆ ಸರಿ ಕಾಣಲ್ಲ. ಸ್ವಲ್ಪ ಬಿಗಿ ಬರಬಹುದು, ಇಲ್ಲ ಅನ್ನಲ್ಲ. ‘ಒಂದೇ ಸಲ ಸಾಕು’ ಅನ್ನುವುದು ಮಾತ್ರ ಜಾಸ್ತಿಯಾಯಿತು. ನೋವೂ ಇರುತ್ತೆ, ಮೂಳೆಯ ಹತ್ತಿರ ಸೂಜಿ ಚುಚ್ಚಿದ ಹಾಗೆ.

ಮೇಲಿನಿಂದ ಸವರುವ ಆರ್‌ಎಫ್ ಹಿತವಾಗಿರುತ್ತೆ. ಬಿಸಿ ಕಲ್ಲಿನಿಂದ ಉಜ್ಜಿದ ಹಾಗೆ. ಹಿತವಾದದ್ದರ ಫಲ ಕೂಡ ಅಷ್ಟಕ್ಕಷ್ಟೇ. ಅದಕ್ಕಿಂತ ನನಗೆ ಸ್ವಲ್ಪ ನಂಬಿಕೆ ಇರುವುದು ಸೂಜಿಯ ಮೂಲಕ ಕೊಡುವ ಆರ್‌ಎಫ್ ಮೇಲೆ. ನಮ್ಮಲ್ಲಿ ಎಂಎನ್‌ಆರ್‌ಎಫ್ ಅಂತಾರೆ. ಮುಕ್ಕಾಲು ಗಂಟೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಕೂರಿಸುತ್ತಾರೆ. ಆಮೇಲೆ ಸಣ್ಣ ಸೂಜಿಗಳ ಮುದ್ರೆಯೊಂದು ತೋಳಿನುದ್ದಕ್ಕೂ ಟಕ್ ಟಕ್ ಅಂತ ಕೂತು ಏಳುತ್ತೆ. ಬಿಸಿ ನೇರವಾಗಿ ಒಳಗೆ ತಲುಪುತ್ತೆ, ಮೇಲ್ಚರ್ಮ ಅಷ್ಟಾಗಿ ಸುಡುವುದಿಲ್ಲ. ತಿಂಗಳಿಗೊಂದರಂತೆ ಮೂರೋ ನಾಲ್ಕೋ ಸಿಟಿಂಗ್. ಎರಡು ಮೂರು ದಿನ ಕೆಂಪಗಿರುತ್ತೆ. ನಮ್ಮ ಮೈಬಣ್ಣಕ್ಕೆ ಕೆಲವರಿಗೆ ಸಣ್ಣ ಚೌಕದ ಕಪ್ಪು ಗುರುತು ಕೆಲವು ವಾರ ಉಳಿಯುತ್ತೆ. ಬಿಸಿಲಿಗೆ ತೋಳು ಒಡ್ಡಿದರೆ ಇನ್ನೂ ಜಾಸ್ತಿ ದಿನ. ಇದು ಆಟದ ಸಾಮಾನಲ್ಲ. 2025ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಈ ಸೂಜಿ ಆರ್‌ಎಫ್ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಸುಟ್ಟ ಗಾಯ, ಕಲೆ, ಕೊಬ್ಬು ಕರಗಿ ಗುಳಿ ಬಿದ್ದದ್ದು, ನರಕ್ಕೆ ಪೆಟ್ಟು, ಎಲ್ಲ ದೂರುಗಳೂ ಬಂದಿದ್ದವು. ಮಷಿನ್ ಹಿಡಿದ ಕೈ ಯಾರದು ಅನ್ನುವುದು ಮಷಿನ್ ಹೆಸರಿಗಿಂತ ಮುಖ್ಯ.

ಇಂಜೆಕ್ಷನ್ ಕೂಡ ಇದೆ. ಪಾಲಿ ಲ್ಯಾಕ್ಟಿಕ್ ಆ್ಯಸಿಡ್, ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಅಂತ ಎರಡು ವಸ್ತು. ತೆಳು ಮಾಡಿ ಚರ್ಮದ ಕೆಳಗೆ ಹರಡಿದರೆ ಅವು ಕೊಲಾಜನ್ ಬೆಳೆಸುತ್ತವೆ. ಸೆರಗಿನಂಥ ತೋಳಿಗೆ, ಸುಕ್ಕಿಗೆ, ಇದು ಒಳ್ಳೆಯ ಆಯ್ಕೆ ಅಂತ ನನ್ನ ಅಭಿಪ್ರಾಯ. ಆದರೆ ತೋಳು ದೊಡ್ಡ ಜಾಗ, ಮುಖಕ್ಕಿಂತ ಜಾಸ್ತಿ ಔಷಧಿ ಬೇಕು, ಖರ್ಚು ಏರುತ್ತೆ. ದಾರದಿಂದ ಎತ್ತುವ ಥ್ರೆಡ್ ತೋಳಿಗೆ ಬೇಡ. ದಿನವಿಡೀ ಕೈ ಎತ್ತಿ ಬೋರ್ಡ್ ಮೇಲೆ ಬರೆಯುವವರಿಗಂತೂ ಬೇಡವೇ ಬೇಡ. ಕೊಬ್ಬು ಕರಗಿಸುವ ಇಂಜೆಕ್ಷನ್ ಅಂತಲೂ ಹೇಳಿಯಾರು. ಅಮೆರಿಕದಲ್ಲಿ ಅದಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ಕಿದ್ದು ಗಲ್ಲದ ಕೆಳಗಿನ ಕೊಬ್ಬಿಗೆ, ತೋಳಿಗಲ್ಲ.

ಹಾಗಾದರೆ ನೀವೇನು ಮಾಡಬೇಕು? ಜೋತದ್ದು ಎರಡು ಬೆರಳಿನಷ್ಟಿದ್ದರೆ ಸೂಜಿ ಆರ್‌ಎಫ್, ಬೇಕಾದರೆ ಜೊತೆಗೆ ಇಂಜೆಕ್ಷನ್, ಇದಕ್ಕೆ ಅರ್ಥವಿದೆ. ಒಂದು ಹಿಡಿ ಕೈಗೆ ಬಂದರೆ ಯಾವ ಮಷಿನ್ನೂ ಅದನ್ನು ಒಳಗೆ ಎಳೆದುಕೊಳ್ಳಲ್ಲ. ಆಗ ಇರುವುದು ಆಪರೇಷನ್ ಒಂದೇ, ಅದರಲ್ಲಿ ಕಂಕುಳಿನಿಂದ ಮೊಣಕೈವರೆಗೆ ಉದ್ದದ ಗೀರು ಉಳಿಯುತ್ತೆ. ಬೇಡ ಅಂದಿದ್ದೀರಿ, ಆ ಗೀರು ನೋಡಿದ ಎಷ್ಟೋ ಜನ ಜೋತ ತೋಳೇ ವಾಸಿ ಅಂದಿದ್ದಾರೆ, ಅದೂ ಒಂದು ಉತ್ತರವೇ. ಬರೀ ಮಷಿನ್‌ಗೆ ಒಂದೊಂದಾಗಿ ದುಡ್ಡು ಸುರಿಯುವ ಮೊದಲು ಇದನ್ನು ನಿರ್ಧಾರ ಮಾಡಿ. ವಿಮೆ ಇದಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ತೂಕ ಆರು ತಿಂಗಳು ಒಂದೇ ಕಡೆ ನಿಲ್ಲಲಿ. ಅಷ್ಟರಲ್ಲಿ ರಟ್ಟೆಯ ಹಿಂದಿನ ಸ್ನಾಯು ಬೆಳೆಸಿ, ಖಾಲಿ ಚೀಲಕ್ಕೆ ಒಳಗಿನಿಂದ ಸ್ವಲ್ಪ ತುಂಬಿದ ಹಾಗಾಗುತ್ತೆ. ಗೋಡೆಗೆ ಕೈ ಕೊಟ್ಟು ತಳ್ಳುವುದು, ಒಂದು ಲೀಟರ್ ನೀರಿನ ಬಾಟಲಿ ತಲೆಯ ಹಿಂದೆ ಹಿಡಿದು ಎತ್ತಿ ಇಳಿಸುವುದು, ವಾರಕ್ಕೆ ಮೂರು ದಿನ. ರಾತ್ರಿ ಅನ್ನ ಬಿಟ್ಟಿದ್ದೀರಿ, ಸರಿ. ಆ ಜಾಗಕ್ಕೆ ಏನು ಬಂತು? ಬರೀ ಮಜ್ಜಿಗೆಯಾದರೆ ಸಾಲದು. ಕಾಳು, ಮೊಟ್ಟೆ, ಮೊಸರು ಸೇರಿಸಿ. ಇಲ್ಲದಿದ್ದರೆ ತೂಕದ ಜೊತೆ ಸ್ನಾಯುವೂ ಇಳಿಯುತ್ತೆ. ಇನ್ನು ಆ ಹಿಂದಿನ ಬೆಂಚಿನವರು, ಅವರು ಸೀಮೆಸುಣ್ಣ ಬಿದ್ದರೂ ನಗುತ್ತಾರೆ ಬಿಡಿ. ನನ್ನ ರಟ್ಟೆಯೂ ಅಲ್ಲಾಡುತ್ತೆ.

ಪ್ರಶ್ನೆ: ಮೇಡಂ, ವಯಸ್ಸು 31. ಹೆರಿಗೆಯಾದ ಮೇಲೆ ತೋಳು ದಪ್ಪಗಾಗಿದೆ. ಮನೆ ಹತ್ತಿರದ ಪಾರ್ಲರ್‌ನಲ್ಲಿ ಹೈಫು ಕ್ಲಿನಿಕ್‌ಗಿಂತ ತುಂಬಾ ಕಡಿಮೆಗೆ ಮಾಡುತ್ತಾರೆ. ಮಷಿನ್ ಅದೇ ಅಲ್ವಾ, ಮಾಡಿಸಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಮೊಣಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಕರೆಂಟ್ ಹೊಡೆದ ಹಾಗಾಗುತ್ತಲ್ಲ, ಆ ನರ ನೀವು ಬಿಸಿ ಮಾಡಿಸಬೇಕೆಂದಿರುವ ಒಳಬದಿಯಲ್ಲೇ ಇಳಿದು ಬರುತ್ತೆ. ಎಲ್ಲಿ ನಿಲ್ಲಿಸಬೇಕು, ಎಷ್ಟು ಆಳ ಹಾಕಬೇಕು ಅನ್ನುವುದು ಗೊತ್ತಿರುವವರ ಕೈಯಲ್ಲೇ ಅದು ಇರಬೇಕು. ಕ್ಲಿನಿಕ್‌ಗೆ ಹೋದರೂ ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ಕ್ಲಿನಿಕ್‌ಗಳಿಗಿರುವ ಕರ್ನಾಟಕದ ಕಾಯ್ದೆ) ನೋಂದಣಿ ಇದೆಯಾ ನೋಡಿ, ಡಾಕ್ಟರ್‌ದು ಮೆಡಿಕಲ್ ಕೌನ್ಸಿಲ್ ನಂಬರ್ ಕೇಳಿ. ಕೇಳಿದರೆ ಸಿಡುಕುವವರ ಹತ್ತಿರ ಕೂರಬೇಡಿ. ಮಷಿನ್ ಹಿಡಿಯುವುದು ಅವರೇನಾ, ಸಹಾಯಕಿಯಾ, ಅದನ್ನೂ ಕೇಳಿ.

ಮಗು ಹಾಲು ಕುಡಿಯುತ್ತಿದ್ದರೆ ಈಗ ಏನೂ ಬೇಡ. ಹೆರಿಗೆಯ ತೂಕ ಇಳಿಯಲು ಒಂದು ವರ್ಷವಾದರೂ ಬಿಡಿ, 31ರ ಚರ್ಮ ತಾನಾಗಿ ಸಾಕಷ್ಟು ಒಳಗೆ ಹೋಗುತ್ತೆ. ನಿಮ್ಮ ತೋಳಿನಲ್ಲಿ ಕೊಬ್ಬಿದೆ, ಜೋತ ಚರ್ಮ ಅಲ್ಲ ಅಂತ ಪತ್ರ ಓದಿದರೆ ಅನ್ನಿಸುತ್ತೆ.

ಪ್ರಶ್ನೆ: ತೋಳು ಬಿಗಿ ಮಾಡುವ ಕ್ರೀಮ್ ಕೆಲಸ ಮಾಡುತ್ತಾ?
– ಓದುಗರು, ಮೈಸೂರು

ಉತ್ತರ: ಜೋತದ್ದನ್ನು ಎತ್ತಲ್ಲ. ಡಾಕ್ಟರ್ ಬರೆದುಕೊಡುವ ಟ್ರೆಟಿನಾಯಿನ್ ತಿಂಗಳುಗಟ್ಟಲೆ ಹಚ್ಚಿದರೆ ಮೇಲಿನ ಸಣ್ಣ ಸುಕ್ಕು ಸ್ವಲ್ಪ ಕಡಿಮೆಯಾಗಬಹುದು, ಬಸುರಿಯರು ಹಚ್ಚಬಾರದು. ಸ್ಕೂಟರ್ ಓಡಿಸುವವರು ತೋಳಿಗೆ ಸನ್‌ಸ್ಕ್ರೀನ್ ಹಚ್ಚಿ, ಇಲ್ಲವೇ ತುಂಬು ತೋಳಿನದು ಹಾಕಿ. ಅದು ಯಾವ ಕ್ರೀಮಿಗಿಂತಲೂ ಅಗ್ಗ.

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 61. ನಾಲ್ಕು ವರ್ಷದ ಹಿಂದೆ ಬಲ ಎದೆಯ ಗಡ್ಡೆಗೆ ಆಪರೇಷನ್ ಆಗಿದೆ, ಕಂಕುಳಿನ ಗಂಟನ್ನೂ ತೆಗೆದಿದ್ದಾರೆ. ಈಗ ಬಲ ತೋಳು ಮಾತ್ರ ದಪ್ಪಗಾಗಿ ಜೋತಿದೆ, ಬಳೆ ಏರುತ್ತಿಲ್ಲ. ಬಿಸಿ ಟ್ರೀಟ್‌ಮೆಂಟ್ ಕೊಟ್ಟರೆ ಇಳಿಯುತ್ತೆ ಅಂತ ಒಂದು ಕಡೆ ಹೇಳಿದರು.
– ಓದುಗರು, ಶಿವಮೊಗ್ಗ

ಉತ್ತರ: ಆ ತೋಳಿಗೆ ಬಿಸಿ ಬೇಡ, ಸೂಜಿ ಬೇಡ, ಬಿಗಿಯಾಗಿ ಒತ್ತಿ ಮಸಾಜ್ ಮಾಡಿಸುವುದೂ ಬೇಡ. ಇದು ವಯಸ್ಸಿಗೆ ಜೋತ ಚರ್ಮ ಅಲ್ಲ ಅನ್ನಿಸುತ್ತೆ. ಕಂಕುಳಿನ ಗಂಟು ತೆಗೆದಾಗ ತೋಳಿನ ದುಗ್ಧರಸ (ಲಿಂಫ್ ಅನ್ನುವ ದ್ರವ) ಹರಿಯುವ ದಾರಿ ಕಟ್ಟಿಕೊಳ್ಳಬಹುದು, ಊತ ವರ್ಷಗಳ ಮೇಲೂ ಬರಬಹುದು. ಗಡ್ಡೆ ಮತ್ತೆ ಬಂದಿಲ್ಲ ಅನ್ನುವುದನ್ನೂ ಖಚಿತ ಮಾಡಿಕೊಳ್ಳಬೇಕು. ಹಾಗಾಗಿ ಈ ವಾರವೇ ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಊತವೇ ಆದರೆ ಅದಕ್ಕೆ ಅಳತೆಯ ಬಿಗಿ ತೋಳುಚೀಲ, ಪಟ್ಟಿ ಸುತ್ತುವುದು, ಫಿಸಿಯೋಥೆರಪಿ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಅಲ್ಲಿಯವರೆಗೆ ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಲು, ರಕ್ತ ತೆಗೆಯಲು ಬಿಡಬೇಡಿ. ತೋಳು ಕೆಂಪಗಾಗಿ ಜ್ವರ ಬಂದರೆ ವಾರ ಕಾಯಬೇಡಿ, ಅವತ್ತೇ ಹೋಗಿ. ಆ ಕೈಯಲ್ಲಿ ಇನ್ನೂ ಬಳೆಗಳಿದ್ದರೆ ಇವತ್ತೇ ತೆಗೆಸಿಬಿಡಿ, ಸೋಪು ಹಚ್ಚಿದರೆ ಬರುತ್ತವೆ.