ಬಂದ ರೀಡಿಂಗ್ ಬರೆಯಬೇಕೇ, ಬರಬೇಕಾದ ರೀಡಿಂಗ್ ಬರೆಯಬೇಕೇ?

ಇಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ಮತ್ತು ಎಲೆಕ್ಟ್ರಿಕಲ್ ಲ್ಯಾಬ್‌ಗಳ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಾನಿಕ್ಸ್ ಎರಡನೆಯ ವರ್ಷದ ವಿದ್ಯಾರ್ಥಿ. 555 ಟೈಮರ್ ಚಿಪ್‌ನ ಅಸ್ಟೇಬಲ್ (ಔಟ್‌ಪುಟ್ ತಾನಾಗಿಯೇ ಮೇಲೆ ಕೆಳಗೆ ಆಗುತ್ತಿರುವ) ಪ್ರಯೋಗದಲ್ಲಿ ಎರಡು ರೆಸಿಸ್ಟರ್‌ಗಳೂ 10 ಕಿಲೋ ಓಮ್, ಕೆಪಾಸಿಟರ್ 0.01 ಮೈಕ್ರೋಫ್ಯಾರಡ್. ಸೂತ್ರದ ಪ್ರಕಾರ ಆವರ್ತನ 4.8 ಕಿಲೋಹರ್ಟ್ಸ್ ಬರಬೇಕು. ಅಲೆಯನ್ನು ಪರದೆಯ ಮೇಲೆ ತೋರಿಸುವ ಸಿಆರ್‌ಒದಲ್ಲಿ ನನಗೆ 4.1 ಬಂತು. ಬ್ಯಾಚಿನ ಉಳಿದವರೆಲ್ಲ 4.78 ಎಂದು ಬರೆದು ಸಹಿ ಹಾಕಿಸಿಕೊಂಡಿದ್ದಾರೆ. ನಾನು ಏನು ಬರೆಯಲಿ? (ತುಮಕೂರು)

ಉತ್ತರ: 4.1 ಎಂದೇ ಬರೆಯಿರಿ. ನಿಮ್ಮ ಬ್ಯಾಚಿನ ಕೆಪಾಸಿಟರ್‌ಗಳೆಲ್ಲ ಒಂದೇ ತಾಯಿಯ ಅವಳಿ ಮಕ್ಕಳೇನಲ್ಲ. ಎಲ್ಲರಿಗೂ 4.78 ಬಂದಿದೆ ಎಂದರೆ ಯಾರಿಗೂ ಬಂದಿಲ್ಲ. ಸಹಿ ಹಾಕಿದವರಿಗೂ ಇದು ಗೊತ್ತು. ಎದುರಿಗೆ ರೆಕಾರ್ಡ್‌ಗಳ ರಾಶಿ ಬಿದ್ದಿರುವಾಗ ಗೊತ್ತಿಲ್ಲದಂತಿರುವುದೇ ಅನುಕೂಲ.

ಆದರೆ 4.1 ಎಂದು ಬರೆದು ಕೈಕಟ್ಟಿ ಕೂರಬೇಡಿ. ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿ. ಸಪ್ಲೈ 5 ವೋಲ್ಟ್ ಇರದೆ 4.8 ಇತ್ತು ಎಂದು ಅದರ ಮೇಲೆ ಗೂಬೆ ಕೂರಿಸುವುದು ಸುಲಭ, ಆದರೆ ಈ ಚಿಪ್‌ನಲ್ಲಿ ಅದು ನಡೆಯುವುದಿಲ್ಲ. ಸಿಗ್ನೆಟಿಕ್ಸ್ ಕಂಪನಿಗಾಗಿ ಹ್ಯಾನ್ಸ್ ಕಾಮೆನ್‌ಜಿಂಡ್ ವಿನ್ಯಾಸ ಮಾಡಿದ, 1972ರಲ್ಲಿ ಮಾರುಕಟ್ಟೆಗೆ ಬಂದ 555ರ ಒಳಗೆ ಮೂರು ಸಮಾನ ರೆಸಿಸ್ಟರ್‌ಗಳು ಸಪ್ಲೈಯನ್ನು ಮೂರು ಪಾಲು ಮಾಡುತ್ತವೆ. ಹೊರಗಿನ ಕೆಪಾಸಿಟರ್ ಮೂರರಲ್ಲಿ ಒಂದು ಪಾಲಿನಿಂದ ಎರಡು ಪಾಲಿನವರೆಗೆ ತುಂಬಿ ಮತ್ತೆ ಖಾಲಿಯಾಗುತ್ತದೆ. ಸಪ್ಲೈ ಇಳಿದರೆ ಎರಡು ಮಿತಿಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಆವರ್ತನ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಈಗ ಪರದೆಯ ಮೇಲೆ ಚೌಕ ಎಣಿಸಿ. ಎರಡು ರೆಸಿಸ್ಟರ್‌ಗಳೂ ಸಮವಾಗಿದ್ದರೆ ಔಟ್‌ಪುಟ್ ಎರಡು ಪಾಲು ಕಾಲ ಮೇಲೆ, ಒಂದು ಪಾಲು ಕಾಲ ಕೆಳಗೆ ಇರಬೇಕು. ಈ ಅನುಪಾತಕ್ಕೆ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್ ಎಂಬುದು ಲೆಕ್ಕಕ್ಕಿಲ್ಲ. ಅದು ಸರಿಯಾಗಿದ್ದು, ರೆಸಿಸ್ಟರ್‌ಗಳ ಮೇಲೆ ಚಿನ್ನದ ಬಣ್ಣದ ಪಟ್ಟಿ ಇದ್ದರೆ, ಅವುಗಳ ವ್ಯತ್ಯಾಸ ಶೇ. 5ರ ಒಳಗೆ, ನಿಮ್ಮ ಸುಮಾರು ಶೇ. 15ರ ಕೊರತೆಯನ್ನು ಅವಷ್ಟೇ ಹೊರಲಾರವು. ಉಳಿದ ಅನುಮಾನ ಸಿಆರ್‌ಒ ಮತ್ತು ಕೆಪಾಸಿಟರ್ ಮೇಲೆ. ಹಳೆಯ ಸಿಆರ್‌ಒ ಆದರೆ ಟೈಮ್ ಬೇಸ್‌ನ (ಪರದೆಯ ಒಂದು ಚೌಕ ಎಷ್ಟು ಕಾಲ ಎಂಬುದರ) ವೇರಿಯಬಲ್ ಗುಂಡಿ ‘ಕ್ಯಾಲ್’ ಗುರುತಿನಲ್ಲಿ ಇದೆಯೇ ನೋಡಿ. ಹಿಂದಿನ ಬ್ಯಾಚಿನ ಯಾರೋ ಅದನ್ನು ತಿರುಗಿಸಿ ಹೋಗಿರುತ್ತಾರೆ, ಇದು ಎಲ್ಲ ಕಾಲೇಜುಗಳ ಕಥೆ. ಅದೂ ಸರಿಯಿದ್ದರೆ ಕೆಪಾಸಿಟರ್ ಕಿತ್ತು ನೋಡಿ. 103 ಎಂಬ ಅಂಕಿಯ ಪಕ್ಕ ‘ಕೆ’ ಅಕ್ಷರವಿದ್ದರೆ ಶೇ. 10, ‘ಎಂ’ ಇದ್ದರೆ ಶೇ. 20 ಹೆಚ್ಚುಕಡಿಮೆ ಇರಬಹುದು. ಕೆಪಾಸಿಟರ್ ಅಳೆಯುವ ಎಲ್‌ಸಿಆರ್ ಮೀಟರ್‌ನಲ್ಲಿ ಅಳೆಯಿರಿ. 0.0117 ಎಂದು ಬಂದರೆ ಸೂತ್ರಕ್ಕೆ ಅದನ್ನು ಹಾಕಿ: 4.1 ಸಿಗುತ್ತದೆ. ಆ ನಾಲ್ಕು ಸಾಲಿನ ಲೆಕ್ಕವನ್ನು ರೆಕಾರ್ಡ್‌ನಲ್ಲಿ ಗ್ರಾಫ್‌ನ ಕೆಳಗೆ ಬರೆಯಿರಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನ ಪರೀಕ್ಷಕರು ಆ ಪುಟದಲ್ಲೇ ನಿಲ್ಲುತ್ತಾರೆ, ನಾನಂತೂ ನಿಲ್ಲುತ್ತಿದ್ದೆ.

ಪ್ರಶ್ನೆ: ನನ್ನ ಮಗಳು ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದಾಳೆ. ಮಷೀನ್ಸ್ ಲ್ಯಾಬ್‌ನಲ್ಲಿ ಹುಡುಗರು ಕನೆಕ್ಷನ್ ಕೊಡುತ್ತಾರೆ, ಇವಳಿಗೆ ರೀಡಿಂಗ್ ಬರೆಯುವ ಕೆಲಸ. 220 ವೋಲ್ಟ್ ಡಿಸಿ ಯಂತ್ರಗಳ ಉಸಾಬರಿ ಹುಡುಗಿಯರಿಗೆ ಬೇಡ ಎನ್ನುತ್ತಾರಂತೆ. ನಿಜವಾಗಿಯೂ ಅಷ್ಟು ಅಪಾಯವೇ? (ಹಾವೇರಿ)

ಉತ್ತರ: ಅಪಾಯ ಇದೆ. ಹುಡುಗರಿಗೂ ಅಷ್ಟೇ ಇದೆ. ನಾನು ಓದುವಾಗ ನನ್ನ ಕೈಗೂ ಪೆನ್ಸಿಲ್ಲನ್ನೇ ಕೊಟ್ಟಿದ್ದರು, ಆದ್ದರಿಂದ ಈ ಪತ್ರ ಓದಿ ಸಿಟ್ಟು ಬಂದಿದೆ; ಉತ್ತರ ಸ್ವಲ್ಪ ಖಾರವಾದರೆ ಮನ್ನಿಸಿ.

ಡಿಸಿ ಷಂಟ್ ಮೋಟರ್ ಭಾರವಿಲ್ಲದೆ ಓಡುವಾಗ ಫೀಲ್ಡ್ ಸುರುಳಿಯ ತಂತಿ ಸಡಿಲಾಗಿ ಬಿಟ್ಟುಕೊಂಡರೆ ಕಾಂತಕ್ಷೇತ್ರ ಬಹುತೇಕ ಹೋಗಿಬಿಡುತ್ತದೆ. ಅಳಿದುಳಿದ ಕಾಂತತ್ವದಲ್ಲೇ ಸಪ್ಲೈಗೆ ಸಮನಾದ ಹಿಮ್ಮುಖ ವೋಲ್ಟೇಜ್ ಹುಟ್ಟಿಸಲು ಮೋಟರ್ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗುತ್ತದೆ. ಶುರು ಮಾಡುವಾಗ ಫೀಲ್ಡ್ ರಿಯೋಸ್ಟಾಟ್ (ಹೆಚ್ಚುಕಡಿಮೆ ಮಾಡಬಹುದಾದ ರೋಧ) ಕನಿಷ್ಠದಲ್ಲಿರಬೇಕು ಎನ್ನುವುದು ಈ ಕಾರಣಕ್ಕೇ. ಮೋಟರ್ ಶುರು ಮಾಡುವ ತ್ರೀ ಪಾಯಿಂಟ್ ಸ್ಟಾರ್ಟರ್‌ನಲ್ಲಿ ಹಿಡಿಕೆಯನ್ನು ಹಿಡಿದಿಡುವ ಸುರುಳಿಯನ್ನು ಫೀಲ್ಡ್‌ನ ಜೊತೆ ಸರಣಿಯಲ್ಲಿ ಇಟ್ಟಿರುವುದೂ ಇದಕ್ಕೇ: ಫೀಲ್ಡ್ ಕಡಿದರೆ ಸುರುಳಿಯ ಹಿಡಿತ ತಪ್ಪಿ, ಸ್ಪ್ರಿಂಗ್ ಎಳೆದು ಹಿಡಿಕೆ ವಾಪಸು ಹೋಗುತ್ತದೆ. ಸೀರೀಸ್ ಮೋಟರ್‌ನ ಸಂಗತಿ ಇನ್ನೂ ಸೂಕ್ಷ್ಮ. ಭಾರ ಹೇರಲು ಬ್ರೇಕ್ ಡ್ರಮ್‌ನ ಬೆಲ್ಟ್ ಬಿಗಿಯದೆ ಅದನ್ನು ಶುರು ಮಾಡಲೇಬಾರದು. ತನ್ನ ಕೈಯಿಂದ ತಂತಿ ಜೋಡಿಸಿದವಳಿಗೆ ಇವೆಲ್ಲ ಅರ್ಥವಾಗುತ್ತವೆ. ಮೂಲೆಯಲ್ಲಿ ನಿಂತು ಆಂಪಿಯರ್ ಬರೆದುಕೊಳ್ಳುವವಳಿಗೆ ಆಗುವುದಿಲ್ಲ, ಹಾಗಾಗಿ ಅಪಾಯ ಹೆಚ್ಚಿರುವುದು ಅವಳಿಗೇ.

ಎಚ್ಚರಿಕೆಗಳು ಇವು: ಮುಖ್ಯ ಸ್ವಿಚ್ ಆಫ್ ಮಾಡದೆ ಒಂದು ತಂತಿಯನ್ನೂ ಮುಟ್ಟಬಾರದು. ಕನೆಕ್ಷನ್ ಕೊಟ್ಟವರನ್ನು ಬಿಟ್ಟು ಇನ್ನೊಬ್ಬರು ಅದನ್ನು ಬೆರಳಿಟ್ಟು ಪರೀಕ್ಷಿಸಬೇಕು. ದುಪಟ್ಟಾ ಬಿಚ್ಚಿಡಬೇಕು, ಜಡೆ ಕಟ್ಟಬೇಕು, ರಬ್ಬರ್ ಅಟ್ಟೆಯ ಷೂ ಬೇಕು. ತಿರುಗುವ ಷಾಫ್ಟ್‌ಗೆ ಬಟ್ಟೆ ಸಿಕ್ಕುವುದು ಷಾಕ್‌ನಷ್ಟೇ ಕೆಟ್ಟದ್ದು. ಹುಡುಗರ ಇಳಿಬಿಟ್ಟ ಅಂಗಿಗೂ ಈ ಮಾತು ಅನ್ವಯಿಸುತ್ತದೆ.

ಪ್ರತಿ ವಾರ ಕೆಲಸ ಬದಲಾಗಲಿ ಎಂದು ಉಪನ್ಯಾಸಕರಿಗೆ ನಿಮ್ಮ ಮಗಳೇ ಹೇಳಲಿ, ನೀವು ಹೋಗಬೇಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಾಯೋಗಿಕ ಪರೀಕ್ಷೆಯಲ್ಲಿ ಬಂದ ಪ್ರಯೋಗವನ್ನು ಒಮ್ಮೆ ಬದಲಿಸಿಕೊಳ್ಳಬಹುದು, ಆದರೆ ವಿಧಾನ ಬರೆಯುವುದಕ್ಕಿರುವ ಅಂಕ ಸೊನ್ನೆಯಾಗುತ್ತದೆ. ಆ ದಿನ ಕನೆಕ್ಷನ್ ಕೊಡಲು ಬ್ಯಾಚಿನ ಹುಡುಗರು ಬರುವುದಿಲ್ಲ.

ಪ್ರಶ್ನೆ: ಮಿನಿ ಪ್ರಾಜೆಕ್ಟ್‌ಗೆ ಕಪ್ಪು ಗೆರೆ ಹಿಡಿದು ಓಡುವ ರೋಬೋ ಮಾಡಿದ್ದೇವೆ. ಪ್ರೋಗ್ರಾಂ ಓಡಿಸುವ ಆರ್ಡುಯಿನೋ ಊನೋ ಬೋರ್ಡ್, ಮೋಟರ್‌ಗಳಿಗೆ ಕರೆಂಟ್ ಕೊಡುವ ಎಲ್298 ಬೋರ್ಡ್, 9 ವೋಲ್ಟ್ ಬ್ಯಾಟರಿ. ಚಕ್ರ ಎತ್ತಿ ಹಿಡಿದರೆ ಚೆನ್ನಾಗಿ ತಿರುಗುತ್ತದೆ. ನೆಲಕ್ಕಿಟ್ಟರೆ ಆರ್ಡುಯಿನೋ ರೀಸೆಟ್ ಆಗುತ್ತದೆ. ಪ್ರೋಗ್ರಾಂ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. (ಶಿವಮೊಗ್ಗ)

ಉತ್ತರ: ಪ್ರೋಗ್ರಾಂಗೆ ಬಿಡುವು ಕೊಡಿ. ಎತ್ತಿದಾಗ ಓಡಿ ನೆಲದ ಮೇಲೆ ಸಾಯುತ್ತದೆ ಎಂದು ನೀವೇ ಬರೆದಿದ್ದೀರಿ; ರೋಗ ಯಾವುದೆಂದು ಅದರಲ್ಲೇ ಇದೆ. ನಿಂತ ಮೋಟರ್ ಹೊರಡುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಆಯತಾಕಾರದ ಸಣ್ಣ 9 ವೋಲ್ಟ್ ಬ್ಯಾಟರಿಗೆ ಒಳಗಿನ ರೋಧ ಹೆಚ್ಚು. ಅಷ್ಟು ಕರೆಂಟ್ ಕೇಳಿದ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತದೆ, ಅದೇ ಬ್ಯಾಟರಿಯನ್ನು ನಂಬಿದ ಆರ್ಡುಯಿನೋ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನನ್ನ ಮಾತನ್ನೂ ನಂಬಬೇಡಿ, ಅಳೆಯಿರಿ. ಡಿಜಿಟಲ್ ಸ್ಕೋಪ್‌ನ (ಸಿಆರ್‌ಒದ ಹೊಸ ರೂಪ) ಪ್ರೋಬ್ ಅನ್ನು ಆರ್ಡುಯಿನೋದ 5 ವೋಲ್ಟ್ ಪಿನ್‌ಗೆ ಇಟ್ಟು, ವೋಲ್ಟೇಜ್ ಇಳಿದ ಕ್ಷಣವೇ ಚಿತ್ರ ಹಿಡಿಯುವಂತೆ ಇಳಿಯುವ ಅಂಚಿಗೆ ಟ್ರಿಗರ್ ಹಾಕಿ, ಚಕ್ರವನ್ನು ಕೈಯಿಂದ ಅರೆಕ್ಷಣ ತಡೆಯಿರಿ. ವೋಲ್ಟೇಜ್ ಕುಸಿದದ್ದು ಪರದೆಯ ಮೇಲೆ ಕಾಣುತ್ತದೆ. ಆಮೇಲೆ ಮೋಟರ್‌ಗಳಿಗೆ ಬೇರೆಯದೇ ಬ್ಯಾಟರಿ ಕೊಡಿ: ಎಎ ಅಳತೆಯ ಆರು ರೀಚಾರ್ಜಬಲ್ ಸೆಲ್‌ಗಳು ಸಾಕು. ಎಲ್298 ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡು ಸಪ್ಲೈಗಳ ಗ್ರೌಂಡ್ (ನೆಗೆಟಿವ್ ತುದಿ) ಕೂಡಿಸುವುದನ್ನು ಮಾತ್ರ ಮರೆಯಬೇಡಿ. ಪ್ರತಿ ಮೋಟರ್‌ನ ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿದರೆ ಬ್ರಷ್‌ಗಳ ಗದ್ದಲವೂ ತಗ್ಗುತ್ತದೆ. ಮೊದಲಿನ ಮತ್ತು ನಂತರದ ಎರಡೂ ಚಿತ್ರಗಳನ್ನು ವರದಿಗೆ ಸೇರಿಸಿ. ಗೆಲುವಿನ ಫೋಟೋ ಮಾತ್ರ ಇರುವ ಪ್ರಾಜೆಕ್ಟ್ ವರದಿಗಳನ್ನು ಓದಿ ನನಗೆ ಸಾಕಾಗಿದೆ.

ಪ್ರಶ್ನೆ: ಕೊನೆಯ ವರ್ಷದ ಪ್ರಾಜೆಕ್ಟ್ ಅನ್ನು ಅಂಗಡಿಯಿಂದ ಸಿದ್ಧವಾಗಿ ಕೊಂಡರೆ ಗೊತ್ತಾಗುತ್ತದೆಯೇ? (ಬೆಂಗಳೂರು)

ಉತ್ತರ: ಗೊತ್ತಾಗುತ್ತದೆ. ಬೋರ್ಡ್‌ನ ಮೇಲಿನ ಯಾವುದೋ 10 ಕಿಲೋ ಓಮ್ ರೆಸಿಸ್ಟರ್ ತೋರಿಸಿ, ‘ಇಲ್ಲಿ 1 ಕಿಲೋ ಓಮ್ ಹಾಕಿದರೆ ಏನಾಗುತ್ತದೆ?’ ಎಂದು ಕೇಳುತ್ತಿದ್ದೆ. ಮಾಡಿದವರು ವಾದಕ್ಕಿಳಿಯುತ್ತಾರೆ, ಕೊಂಡವರು ಪಕ್ಕದವರ ಮುಖ ನೋಡುತ್ತಾರೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ, ಆದರೆ ಬಿಡಿಭಾಗಗಳನ್ನು ತನ್ನಿ.

ಪ್ರಶ್ನೆ: ಲ್ಯಾಬ್‌ಗೆಂದು ಸ್ವಂತಕ್ಕೆ ಏನೇನು ಕೊಳ್ಳಬೇಕು? (ಬಳ್ಳಾರಿ)

ಉತ್ತರ: ಕೆಪಾಸಿಟರ್ ಅಳೆಯುವ, ಕಂಟಿನ್ಯುಯಿಟಿಗೆ (ದಾರಿ ಎಲ್ಲೂ ತುಂಡಾಗಿಲ್ಲದಿದ್ದರೆ) ಸದ್ದು ಮಾಡುವ ಒಂದು ಮಲ್ಟಿಮೀಟರ್, ಒಂದೇ ಎಳೆಯ ತಂತಿ, ಬೆಸುಗೆಯಿಲ್ಲದೆ ಸರ್ಕ್ಯೂಟ್ ಕಟ್ಟುವ ಒಂದು ಬ್ರೆಡ್‌ಬೋರ್ಡ್. ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಸಪ್ಲೈ ಸಾಲು ಎಷ್ಟೋ ಸಲ ನಡುವೆ ತುಂಡಾಗಿರುತ್ತದೆ. ಸರ್ಕ್ಯೂಟ್ ಕಟ್ಟುವ ಮೊದಲು ಮೀಟರ್‌ನ ಸದ್ದಿನಿಂದ ಆ ಸಾಲನ್ನು ತುದಿಯಿಂದ ತುದಿಗೆ ಪರೀಕ್ಷಿಸಿ, ತುಂಡಾಗಿದ್ದರೆ ಒಂದು ತಂತಿಯಿಂದ ಕೂಡಿಸಿಕೊಳ್ಳಿ.