ಹೂಂಗುಟ್ಟುವವರಿಲ್ಲದ ಸಂದರ್ಶನ

ಇವರನ್ನು ರೂಪಾ ಎಂದು ಕರೆಯೋಣ. ಹೆಸರು, ಊರು, ಮನೆಯವರ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ರೂಪಾಗೆ 23 ವರ್ಷ. ತಾಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಕಾಂ ಮುಗಿಸಿ, ಟ್ಯಾಲಿ ಕಲಿತು, ಬೆಂಗಳೂರಿನ ಪಿಜಿಯೊಂದರಲ್ಲಿದ್ದುಕೊಂಡು ಅಕೌಂಟ್ಸ್ ಕೆಲಸ ಹುಡುಕುತ್ತಿದ್ದರು. ನನ್ನ ಹತ್ತಿರ ಸಲಹೆ ಕೇಳಲು ಬಂದು ಕೂತವರೇ ಹೇಳಿದ್ದು, "ಮೇಡಂ, ನನಗೆ ಇಂಗ್ಲಿಷ್ ಬರಲ್ಲ. ಅದೇ ಪ್ರಾಬ್ಲಂ." ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಅದು ಪೂರ್ತಿ ನಿಜವಲ್ಲ ಅಂತ ಇಬ್ಬರಿಗೂ ಗೊತ್ತಾಯಿತು. ಕಾಲೇಜಿಗೆ ಬಂದಿದ್ದ ಕಂಪನಿಯೊಂದರ ಸಂದರ್ಶನದಲ್ಲಿ ಇವರು ಇದೇ ಇಂಗ್ಲಿಷ್‌ನಲ್ಲಿ ಕಾಲು ಗಂಟೆ ಮಾತಾಡಿದ್ದರು. ಆಯ್ಕೆಯೂ ಆಗಿದ್ದರು. ಕೆಲಸ ಚೆನ್ನೈನಲ್ಲಿತ್ತು, ಮನೆಯಲ್ಲಿ ಬೇಡ ಅಂದರು, ಬಿಟ್ಟರು.

ತೊಂದರೆ ಶುರುವಾಗಿದ್ದು ರೆಕಾರ್ಡ್ ಮಾಡಿ ಕಳಿಸುವ ವಿಡಿಯೊ ಸಂದರ್ಶನದಿಂದ. ಇದನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಕಂಪನಿಯಿಂದ ಮೇಲ್‌ನಲ್ಲಿ ಒಂದು ಲಿಂಕ್ ಬರುತ್ತದೆ. ಎರಡು ಮೂರು ದಿನದೊಳಗೆ ಮುಗಿಸಬೇಕು. ತೆರೆದರೆ ಪರದೆ ಮೇಲೆ ಪ್ರಶ್ನೆ ಬರುತ್ತದೆ. ಯೋಚಿಸಲು ಅರ್ಧ ನಿಮಿಷ ಕೊಡುತ್ತಾರೆ. ಆಮೇಲೆ ಮೂರು, ಎರಡು, ಒಂದು ಅಂತ ಎಣಿಸಿ ಕೆಂಪು ಚುಕ್ಕಿ ಹೊತ್ತಿಕೊಳ್ಳುತ್ತದೆ. ಉತ್ತರಕ್ಕೆ ಒಂದೂವರೆಯೋ ಎರಡೋ ನಿಮಿಷ. ಆ ಕಡೆ ಯಾರೂ ಇರುವುದಿಲ್ಲ. ಮೂಲೆಯಲ್ಲಿ ನಿಮ್ಮದೇ ಮುಖ, ಮೇಲೆ ಇಳಿಯುತ್ತಾ ಹೋಗುವ ಗಡಿಯಾರ, ಅಷ್ಟೇ.

ರೂಪಾ ಮೊದಲ ಲಿಂಕನ್ನು ಕೊನೆಯ ದಿನದವರೆಗೆ ಇಟ್ಟುಕೊಂಡಿದ್ದರು. ರಾತ್ರಿ ಹತ್ತಕ್ಕೆ ಕೂತರು. "ನಿಮ್ಮ ಬಗ್ಗೆ ಹೇಳಿ" ಅನ್ನುವುದಕ್ಕೆ ಒಂದು ಪುಟ ಬಾಯಿಪಾಠ ಮಾಡಿದ್ದರು. ಅರ್ಧಕ್ಕೆ ಒಂದು ಪದ ಕೈಕೊಟ್ಟಿತು. ಹಿಂದಿನ ವಾಕ್ಯಕ್ಕೆ ಹೋಗಿ ಮತ್ತೆ ಬಂದರು. ಅದೇ ಜಾಗದಲ್ಲಿ ಮತ್ತೆ ನಿಂತಿತು. ಇನ್ನೂ ಒಂದು ನಿಮಿಷ ಚಿಲ್ಲರೆ ಬಾಕಿ. "ಮೇಡಂ, ಆ ಒಂದು ನಿಮಿಷ ನಾನು ನನ್ನ ಮುಖವನ್ನೇ ನೋಡ್ತಾ ಕೂತಿದ್ದೆ. ತುಟಿ ಒಣಗೋದು ಕಾಣ್ತಿತ್ತು. ಕೆಳಗೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದ್ರು, ಅದೂ ರೆಕಾರ್ಡ್ ಆಯ್ತು." ಎರಡನೇ ಪ್ರಶ್ನೆ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.

ಆಮೇಲೆ ಬೇರೆ ಕಂಪನಿಗಳಿಂದ ಇನ್ನೆರಡು ಲಿಂಕ್ ಬಂದವು. ಎರಡೂ ಅವಧಿ ಮುಗಿಯುವವರೆಗೆ ಹಾಗೇ ಬಿದ್ದಿದ್ದವು. ಅಮ್ಮ ಫೋನ್ ಮಾಡಿ ಕೇಳಿದಾಗಲೆಲ್ಲ, "ಇನ್ನೂ ಯಾರೂ ಕರೆದಿಲ್ಲಮ್ಮ" ಅನ್ನುತ್ತಿದ್ದರು.

ನನಗೆ ಚಿಂತೆಯಾದದ್ದು ಈ ಎರಡು ಲಿಂಕ್‌ಗಳ ಬಗ್ಗೆ. ಒಮ್ಮೆ ಮಾತು ನಿಂತುಹೋಗುವುದು ದೊಡ್ಡ ವಿಷಯವಲ್ಲ. ಆದರೆ ಲಿಂಕ್ ಅವಧಿ ಮುಗಿದ ಕ್ಷಣ ಒಂದು ನೆಮ್ಮದಿ ಸಿಗುತ್ತದಲ್ಲ, "ಅಬ್ಬಾ, ಇನ್ನು ಮಾಡಬೇಕಿಲ್ಲ" ಅಂತ, ಆ ನೆಮ್ಮದಿ ಅಪಾಯ. ಮುಂದಿನ ಸಲ ಮನಸ್ಸು ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಭಯ ಸ್ವಲ್ಪವೂ ಕಡಿಮೆಯಾಗಿರುವುದಿಲ್ಲ, ಇನ್ನಷ್ಟು ಬಲಿತಿರುತ್ತದೆ.

ಮುಖಾಮುಖಿ ಕೂತಾಗ ಬಂದ ಮಾತು ಇಲ್ಲಿ ಯಾಕೆ ಬರಲಿಲ್ಲ? ಕಾಲೇಜಿನ ಸಂದರ್ಶನದಲ್ಲಿ ಏನೇನಾಯಿತು ಅಂತ ಬಿಡಿಸಿ ಹೇಳಿ ಎಂದೆ. ಅಲ್ಲಿದ್ದ ಮೇಡಂ ಒಬ್ಬರು ತಲೆಯಾಡಿಸುತ್ತಿದ್ದರಂತೆ. ಪದ ಸಿಗದೆ ತಡವರಿಸಿದಾಗ "ಪರವಾಗಿಲ್ಲ, ಹೇಳಿ" ಅಂದರಂತೆ. ಮನುಷ್ಯರು ಮಾತಾಡುವುದೇ ಹೀಗೆ ಅಲ್ವಾ? ಮಕ್ಕಳಿಗೆ ಕಥೆ ಹೇಳುವಾಗಲೂ ಹೂಂಗುಟ್ಟಿದರೆ ಮಾತ್ರ ಕಥೆ ಮುಂದೆ ಹೋಗುತ್ತದೆ. ಫೋನಿನಲ್ಲಿ ಆ ಕಡೆಯಿಂದ ಹೂಂ ಬರದಿದ್ದರೆ ಒಂದೇ ನಿಮಿಷಕ್ಕೆ "ಹಲೋ, ಕೇಳಿಸ್ತಿದ್ಯಾ?" ಅನ್ನುತ್ತೇವೆ. ಕ್ಯಾಮೆರಾ ಹೂಂ ಅನ್ನುವುದಿಲ್ಲ.

ಇದು ಎಷ್ಟು ಕಷ್ಟ ಎನ್ನುವುದಕ್ಕೆ ಪ್ರಯೋಗಾಲಯದ ಸಾಕ್ಷಿಯೇ ಇದೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಮನುಷ್ಯರಲ್ಲಿ ಬೇಕೆಂದೇ ಒತ್ತಡ ಹುಟ್ಟಿಸುವ ಒಂದು ವಿಧಾನ ಪ್ರಕಟಿಸಿದರು. ಇವತ್ತಿಗೂ ಒತ್ತಡದ ಅಧ್ಯಯನಗಳಲ್ಲಿ ಅದು ಬಳಕೆಯಲ್ಲಿದೆ. ಅವರು ಆರಿಸಿಕೊಂಡ ಸನ್ನಿವೇಶ ಯಾವುದು ಗೊತ್ತಾ? ಉದ್ಯೋಗ ಸಂದರ್ಶನ. ಕೆಲಸಕ್ಕೆ ಅರ್ಜಿ ಹಾಕಿದವರಂತೆ ಐದು ನಿಮಿಷ ಮಾತಾಡಬೇಕು. ಎದುರಿಗೆ ಕೂತವರು ನಗುವುದಿಲ್ಲ, ತಲೆಯಾಡಿಸುವುದಿಲ್ಲ. ಅದಾದ ಮೇಲೆ ಬಾಯಲ್ಲೇ ಕಳೆಯುವ ಲೆಕ್ಕ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಎಂಜಲಿನಲ್ಲೇ ಏರುವುದು ಕಾಣುತ್ತದೆ. ರೂಪಾಗೆ ಇದನ್ನು ಹೇಳಿದಾಗ ಅವರು ಜೋರಾಗಿ ನಕ್ಕರು. "ಹಾಗಾದ್ರೆ ನಂಗೆ ಆಗಿದ್ದು ಆಗ್ಬೇಕಾಗಿದ್ದೇ!" ಹೌದು, ಆಗಬೇಕಾದದ್ದೇ.

ಹಾಗಾಗಿ ಧೈರ್ಯ ತುಂಬುವುದಕ್ಕಿಂತ ಹೂಂಗುಟ್ಟುವವರನ್ನು ಹುಡುಕುವುದೇ ಮೊದಲ ಕೆಲಸ ಅಂತ ನನಗೆ ಅನಿಸಿತು. "ನೀವು ಯಾರ ಹತ್ತಿರ ಲೆಕ್ಕದ ವಿಷಯ ಸಲೀಸಾಗಿ ಮಾತಾಡ್ತೀರಿ?" ಎಂದು ಕೇಳಿದೆ. ತಕ್ಷಣ ಬಂದ ಉತ್ತರ, "ಚಿಕ್ಕಪ್ಪ." ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರು. ಡಿಗ್ರಿ ಓದುವಾಗ ಅಂಗಡಿಯ ಬಿಲ್ಲುಗಳನ್ನು ರೂಪಾನೇ ನೋಡಿಕೊಳ್ಳುತ್ತಿದ್ದರು. ಚಿಕ್ಕಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಮ್ಮ ಕೆಲಸಕ್ಕೆ ಅದು ಇನ್ನೂ ಒಳ್ಳೆಯದಾಯಿತು.

ಮೊದಲ ಹೆಜ್ಜೆ, ಚಿಕ್ಕಪ್ಪನಿಗೆ ವಿಡಿಯೊ ಕಾಲ್ ಮಾಡಿ ಕನ್ನಡದಲ್ಲೇ ಹೇಳುವುದು. ಪ್ರಶ್ನೆ: "ಕೆಲಸದಲ್ಲಿ ಬಂದ ಒಂದು ಕಷ್ಟವನ್ನು ಹೇಗೆ ಬಿಡಿಸಿದಿರಿ?" ರೂಪಾ ಬರೆದಿಟ್ಟುಕೊಂಡಿದ್ದ ಉತ್ತರ "ಐ ಆಮ್ ಎ ಹಾರ್ಡ್‌ವರ್ಕಿಂಗ್ ಅಂಡ್ ಡೆಡಿಕೇಟೆಡ್ ಪರ್ಸನ್" ಎಂದು ಶುರುವಾಗುತ್ತಿತ್ತು. ಇದನ್ನು ಚಿಕ್ಕಪ್ಪನಿಗೆ ಹೇಳಲು ಸಾಧ್ಯವೇ? ಹಾಗಾಗಿ ನಿಜವಾಗಿ ನಡೆದದ್ದನ್ನು ಹೇಳಬೇಕಾಯಿತು. ಒಂದು ತಿಂಗಳು ಅಂಗಡಿಯ ಖರೀದಿ ಬಿಲ್ಲಿಗೂ ಜಿಎಸ್‌ಟಿ ಪೋರ್ಟಲ್‌ನ ಜಿಎಸ್‌ಟಿಆರ್-2ಬಿ ಪಟ್ಟಿಗೂ (ಮಾರಿದವರು ತೋರಿಸಿದ ಬಿಲ್ಲುಗಳ ಪ್ರಕಾರ ಕೊಂಡವರಿಗೆ ಸಿಗುವ ತೆರಿಗೆ ಕ್ರೆಡಿಟ್‌ನ ಪಟ್ಟಿ) ತಾಳೆ ಆಗಲಿಲ್ಲ. "ಆಮೇಲೆ?" ಅಂದರು ಚಿಕ್ಕಪ್ಪ. ಒಂದೊಂದೇ ಬಿಲ್ಲು ಕೂತು ನೋಡಿದರೆ, ಪೈಪ್ ಸಪ್ಲೈ ಮಾಡುವವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ಲುಗಳನ್ನು ತೋರಿಸಿಯೇ ಇರಲಿಲ್ಲ. "ಎಷ್ಟು ದುಡ್ಡು ಸಿಕ್ಕಾಕೊಂಡಿತ್ತು?" ಹದಿನೆಂಟು ಸಾವಿರ. "ಕೊನೆಗೆ?" ಅವರಿಗೆ ಫೋನ್ ಮಾಡಿ, ಬಿಲ್ ನಂಬರ್‌ಗಳ ಪಟ್ಟಿ ಕಳಿಸಿ, ಮುಂದಿನ ತಿಂಗಳು ಹಾಕಿಸಿಕೊಂಡರು. ಕ್ರೆಡಿಟ್ ಬಂತು.

ಇದಕ್ಕಿಂತ ಒಳ್ಳೆಯ ಉತ್ತರ ಅಕೌಂಟ್ಸ್ ಕೆಲಸಕ್ಕೆ ಇನ್ನೇನು ಬೇಕು? ಸ್ಟಾರ್ ಫಾರ್ಮುಲಾ ಅಂತ ತರಬೇತಿ ಕೇಂದ್ರಗಳಲ್ಲಿ ಹೇಳಿಕೊಡುತ್ತಾರಲ್ಲ, ಸನ್ನಿವೇಶ, ಹೊಣೆ, ಮಾಡಿದ್ದು, ಫಲ ಅಂತ, ಆ ಕೆಲಸವನ್ನೆಲ್ಲ ಚಿಕ್ಕಪ್ಪ ಮೂರು ಪ್ರಶ್ನೆಯಲ್ಲಿ ಮಾಡಿ ಮುಗಿಸಿದ್ದರು.

ಮುಂದೆ ಇದೇ ಸಂಗತಿಯನ್ನು ಇಂಗ್ಲಿಷ್‌ನಲ್ಲಿ ಹೇಳಿದರು. ಚಿಕ್ಕಪ್ಪ ಸುಮ್ನೆ ತಲೆಯಾಡಿಸಬೇಕು, ಬಾಯಿ ಬಿಡಬಾರದು. (ಇದು ಅವರಿಗೆ ತುಂಬ ಕಷ್ಟವಾಯಿತಂತೆ.) ಇನ್ನೊಂದು ದಿನ ಚಿಕ್ಕಪ್ಪ ಕಾಲ್‌ನಲ್ಲಿ ಇರುತ್ತಾರೆ, ಆದರೆ ಅವರ ಕ್ಯಾಮೆರಾ ಆಫ್. ಕೇಳುತ್ತಿದ್ದಾರೆ ಅಂತ ಗೊತ್ತು, ಮುಖ ಕಾಣುವುದಿಲ್ಲ. ಕೊನೆಗೆ ಚಿಕ್ಕಪ್ಪ ಇಲ್ಲವೇ ಇಲ್ಲ, ಫೋನಿನಲ್ಲಿ ರೆಕಾರ್ಡಿಂಗ್ ಮಾತ್ರ. ಒಂದು ಮೆಟ್ಟಿಲು ಸಲೀಸಾದ ಮೇಲೇ ಇನ್ನೊಂದಕ್ಕೆ ಕಾಲಿಡಬೇಕು ಅಂತ ಹೇಳಿದ್ದೆ. ಕ್ಯಾಮೆರಾ ಆಫ್ ಮಾಡಿದ ಮೆಟ್ಟಿಲಲ್ಲಿ ರೂಪಾ ಸಿಕ್ಕಿಕೊಂಡರು. ಒಂದೆರಡು ದಿನ ಮತ್ತೆ ಕೆಳಗಿಳಿದು ಮಾಡಿದೆವು. ಅವಸರ ಮಾಡಿದರೆ ಇಲ್ಲೇ ಕೆಡುವುದು.

ಕೊನೆಯ ಮೆಟ್ಟಿಲಿಗೆ ಒಂದು ಚೀಟಿ ಮಾಡಿಕೊಂಡೆವು. ಅದರಲ್ಲಿ ಉತ್ತರದ ಒಂದು ಪದವೂ ಇಲ್ಲ. ದೊಡ್ಡ ಅಕ್ಷರದಲ್ಲಿ ಚಿಕ್ಕಪ್ಪನ ಪ್ರಶ್ನೆಗಳು: ಆಮೇಲೆ? ಎಷ್ಟು? ಕೊನೆಗೆ? ಕ್ಯಾಮೆರಾ ಪಕ್ಕದಲ್ಲೇ ಅಂಟಿಸಿದರು. ಉತ್ತರ ಬರೆದು ಅಂಟಿಸಿದರೆ ಕಣ್ಣು ಓದುತ್ತದೆ, ದನಿ ಚಪ್ಪಟೆಯಾಗುತ್ತದೆ, ಒಂದು ಪದ ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ. ಪ್ರಶ್ನೆ ಬರೆದಿಟ್ಟರೆ ನಾವು ಯಾರಿಗೋ ಹೇಳುತ್ತಿರುತ್ತೇವೆ. ಒಂದು ಎಚ್ಚರಿಕೆ: ಕೆಲವು ಕಂಪನಿಗಳು ಯಾವ ಚೀಟಿಯೂ ಇರಬಾರದು ಅನ್ನುತ್ತವೆ. ಸೂಚನೆ ಓದಿ, ಹಾಗಿದ್ದರೆ ಚೀಟಿ ತೆಗೆಯಿರಿ. ಅಷ್ಟರಲ್ಲಿ ಆ ಮೂರು ಪ್ರಶ್ನೆ ಹೇಗೂ ತಲೆಗೆ ಹತ್ತಿರುತ್ತದೆ.

ಇನ್ನು ಮೂಲೆಯಲ್ಲಿ ಕಾಣುವ ಸ್ವಂತ ಮುಖ. ನನ್ನ ಪ್ರಕಾರ ಈ ಸಂದರ್ಶನಗಳಲ್ಲಿ ಅರ್ಧ ಕಾಟ ಅದರದ್ದೇ. ಎದುರಿಗೆ ಕನ್ನಡಿ ಹಿಡಿದುಕೊಂಡು ಯಾರಾದರೂ ಮಾತಾಡುತ್ತಾರಾ? ಮುಖ ಮರೆಮಾಡುವ ಬಟನ್ ಇದ್ದರೆ ಒತ್ತಿ. ಇಲ್ಲದಿದ್ದರೆ ಬೆಳಕು, ಕೂತ ಜಾಗ ಒಮ್ಮೆ ನೋಡಿಕೊಂಡು, ಆ ಚೌಕದ ಮೇಲೆ ಒಂದು ತುಂಡು ಕಾಗದ ಅಂಟಿಸಿ. ರೂಪಾ ಹಾಲಿನ ಬಿಲ್ಲಿನ ಹಿಂಬದಿ ಅಂಟಿಸಿದ್ದರು.

ಇದರ ಜೊತೆ ಒಂದು ಪರೀಕ್ಷೆ ಮಾಡಿದೆವು. ಅವರೇ ಮಾಡಿದ ಒಂದು ರೆಕಾರ್ಡಿಂಗ್ ಹಾಕುವ ಮೊದಲು ಕೇಳಿದೆ, "ದನಿ ಎಷ್ಟು ನಡುಗಿರಬಹುದು? ಹತ್ತಕ್ಕೆ ಎಷ್ಟು ಕೊಡ್ತೀರಿ?" ಅವರು ಹೇಳಿದ್ದು ಒಂಬತ್ತು. ಆಮೇಲೆ, ಇದು ಪಿಜಿಯ ಬೇರೆ ಹುಡುಗಿ ಅಂದುಕೊಂಡು ನೋಡಿ ಎಂದೆ. ನೋಡಿದ ಮೇಲೆ ಕೊಟ್ಟಿದ್ದು ನಾಲ್ಕು. ಒಳಗಿನ ಗಾಬರಿ ಹೊರಗೂ ಅಷ್ಟೇ ಕಾಣುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ, ಆದರೆ ಅಷ್ಟು ಕಾಣುವುದಿಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮೊದಲು ಈ ಒಂದು ಸಂಗತಿ ತಿಳಿಸಿದ್ದಕ್ಕೇ ವಿದ್ಯಾರ್ಥಿಗಳು ಇನ್ನೂ ಚೆನ್ನಾಗಿ ಮಾತಾಡಿದ್ದರು. ರೂಪಾಗೆ ಆ ರೆಕಾರ್ಡಿಂಗ್‌ನಲ್ಲಿ ನಿಜವಾದ ಒಂದು ತಪ್ಪೂ ಕಂಡಿತು. ಉತ್ತರಕ್ಕೆ ಮುಕ್ತಾಯವೇ ಇರಲಿಲ್ಲ. ಸಮಯ ಉಳಿದಿದೆ ಅಂತ ಎಳೆಯುತ್ತಾ ಹೋಗಿದ್ದರು. ಎರಡು ನಿಮಿಷ ಕೊಟ್ಟರೆ ಎರಡು ನಿಮಿಷವೂ ತುಂಬಬೇಕಿಲ್ಲ. ಹೇಳುವುದು ಮುಗಿದಾಗ "ಥ್ಯಾಂಕ್ ಯೂ" ಅಂದು ನಿಲ್ಲಿಸುವ ಬಟನ್ ಒತ್ತಿದರಾಯಿತು.

ಎದೆ ಹೊಡೆದುಕೊಳ್ಳುವುದಕ್ಕೆ "ಸಮಾಧಾನ, ಸಮಾಧಾನ" ಅಂತ ಹೇಳಿಕೊಳ್ಳುವುದು ಅಷ್ಟೇನೂ ಕೆಲಸ ಮಾಡುವುದಿಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಅಂದುಕೊಂಡವರ ಭಾಷಣ ಚೆನ್ನಾಗಿತ್ತು. ಹೊಡೆದುಕೊಳ್ಳುವ ಎದೆಯನ್ನು ನಿಲ್ಲಿಸುವುದು ಕಷ್ಟ, ಅದಕ್ಕೆ ಬೇರೆ ಹೆಸರಿಡುವುದು ಸುಲಭ. ಯೋಚಿಸಲು ಕೊಡುವ ಅರ್ಧ ನಿಮಿಷದಲ್ಲಿ ಪ್ರಶ್ನೆ ಒಮ್ಮೆ ಓದಿ, ಯಾವ ಘಟನೆ ಹೇಳಬೇಕು ಅಂತ ಆರಿಸಿ, ಎರಡು ಸಲ ಉಸಿರನ್ನು ನಿಧಾನವಾಗಿ ಪೂರ್ತಿ ಬಿಡಿ. ಇದಕ್ಕಿಂತ ಜಾಸ್ತಿ ಆ ಅರ್ಧ ನಿಮಿಷದಲ್ಲಿ ಹಿಡಿಸುವುದಿಲ್ಲ.

ರೂಪಾಗೆ ಇನ್ನೊಂದು ಭಯ ಇತ್ತು. ಯೂಟ್ಯೂಬ್‌ನಲ್ಲಿ ಯಾರೋ, ಕಂಪ್ಯೂಟರ್ ನಿಮ್ಮ ಕಣ್ಣು, ಹುಬ್ಬು, ನಗು ಎಲ್ಲ ಅಳೆಯುತ್ತೆ ಎಂದಿದ್ದರಂತೆ. ಹಾಗಾಗಿ ಪೂರ್ತಿ ಉತ್ತರವನ್ನು ನಗುನಗುತ್ತಾ ಹೇಳಲು ನೋಡುತ್ತಿದ್ದರು. ನೋಡಿದರೆ ಹಲ್ಲುನೋವು ಬಂದವರ ಹಾಗಿತ್ತು. ಇಂಥ ಸಂದರ್ಶನಗಳನ್ನು ನಡೆಸುವ ದೊಡ್ಡ ಕಂಪನಿಗಳಲ್ಲಿ ಒಂದಾದ ಅಮೆರಿಕದ ಹೈರ್‌ವ್ಯೂ, ಮುಖಭಾವ ಅಳೆಯುವುದನ್ನು ಕೈಬಿಟ್ಟಿದ್ದೇವೆ ಎಂದು 2021ರ ಜನವರಿಯಲ್ಲಿ ಹೇಳಿತು. ಆಡಿದ ಮಾತನ್ನು ಅಕ್ಷರಕ್ಕಿಳಿಸಿ ಅಂಕ ಕೊಡುವ ಪದ್ಧತಿ ಇದೆ. ಅದಕ್ಕೂ ಬೇಕಾದದ್ದು ಬಿಲ್ಲು, ಪೋರ್ಟಲ್, ಹದಿನೆಂಟು ಸಾವಿರ ಅನ್ನುವಂಥ ಗಟ್ಟಿ ಮಾತೇ. ಅನುಮಾನವಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ, ವಿಡಿಯೊವನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಕೇಳಬಹುದು. ತೊದಲುವಿಕೆ ಅಥವಾ ಕಿವಿಯ ತೊಂದರೆ ಇರುವವರು ಬೇರೆ ರೀತಿ ಸಂದರ್ಶನ ಮಾಡಿ ಅಂತಲೂ ಕೇಳಬೇಕು. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ವಿಡಿಯೊ ಸಂದರ್ಶನಕ್ಕೆ ದುಡ್ಡು ಕೇಳಿದರೆ ಅದು ಕೆಲಸವಲ್ಲ, ಮೋಸ.

ಲಿಂಕ್‌ಗೆ ಒಂದೇ ಕಟ್ಟುನಿಟ್ಟು ಮಾಡಿದೆವು: ಬಂದ ಮಾರನೇ ದಿನ ಬೆಳಿಗ್ಗೆ, ಪಿಜಿಯವರೆಲ್ಲ ಕೆಲಸಕ್ಕೆ ಹೋದ ಮೇಲೆ. ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇರಬೇಕು, ಚಾರ್ಜರ್ ಹಾಕಿರಬೇಕು. ಅಭ್ಯಾಸದ ಪ್ರಶ್ನೆ ಕೊಟ್ಟಿದ್ದರೆ ಬಿಡದೆ ಮಾಡಬೇಕು. ಕಳಿಸಿದ ಮೇಲೆ ಹಾಸಿಗೆಯಲ್ಲಿ ಮಲಗಿ "ಅಲ್ಲಿ ಹೀಗಂದೆ, ಇಲ್ಲಿ ಹಾಗಂದೆ" ಅಂತ ತಿರುಗಿಸುವುದು ಬೇಡ. ಚೆನ್ನಾಗಿ ಬಂದದ್ದು ಒಂದು ಸಾಲು, ಸರಿ ಮಾಡಬೇಕಾದದ್ದು ಒಂದು ಸಾಲು ಬರೆದು ಹೊರಗೆ ಹೋಗಬೇಕು. ಮತ್ತೆ, ಬಿಟ್ಟುಹೋದ ಲಿಂಕ್‌ಗಳ ವಿಷಯ ಅಮ್ಮನಿಗೆ ಹೇಳಬೇಕು. ಇದಕ್ಕೆ ರೂಪಾ ಬೇಗ ಒಪ್ಪಲಿಲ್ಲ. ಹೇಳಿದ ದಿನ ಅಮ್ಮ ಕೇಳಿದ್ದು, "ಅಷ್ಟೇನಾ? ನಾನು ಇನ್ನೇನೋ ಅಂದ್ಕೊಂಡಿದ್ದೆ."

ಇದೇ ತರದ ಭಯ ಸಂದರ್ಶನಕ್ಕಷ್ಟೇ ನಿಲ್ಲದೆ ನಿದ್ದೆ, ಊಟ, ಜನರ ಜೊತೆ ಬೆರೆಯುವುದಕ್ಕೂ ಹಬ್ಬಿದ್ದರೆ ಬರೀ ಅಭ್ಯಾಸ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ರೂಪಾಗೆ ಅಷ್ಟು ಬೇಕಾಗಲಿಲ್ಲ.

ಅಭ್ಯಾಸದ ನಂತರ ಬಂದ ಮೊದಲ ಲಿಂಕನ್ನು ಅವರು ಮುಗಿಸಿದರು. ಮುಂದಿನ ಸುತ್ತಿಗೂ ಕರೆದರು. ಕೆಲಸ ಮಾತ್ರ ಸಿಗಲಿಲ್ಲ, ಅನುಭವ ಇರುವವರೇ ಬೇಕು ಎಂದರಂತೆ. ಅದಾದ ಮೇಲೆ ಬಂದ ಲಿಂಕ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಮೆಸೇಜ್ ಬಂತು: "ಮೇಡಂ, ಮೂರನೇ ಪ್ರಶ್ನೆ ಕೆಡಿಸಿಕೊಂಡೆ. ಆದ್ರೂ ಸಬ್‌ಮಿಟ್ ಮಾಡ್ದೆ."